ಹೊಸ್ತಿಲು ದಾಟದ ಹಾಲು

ನನ್ನ ಹೆಂಡತಿ ಪದ್ಮಜಾಳ ಬಾಯಲ್ಲಿ ‘ಇಲ್ಲ’ ಅನ್ನುವ ಮಾತೇ ಬರುವುದಿಲ್ಲ. ಪ್ಲೆಸೆಂಟನ್ನಿನ ನಮ್ಮ ಮನೆಗೆ ಸೋಲಾರ್ ಮಾರಲು ಬಂದವನೂ ಉಪ್ಪಿಟ್ಟು ತಿಂದೇ ಹೋದ. ಸೋಲಾರನ್ನು ನಾವು ಕೊಳ್ಳಲಿಲ್ಲ, ಅದು ಬೇರೆ ಮಾತು.

ವಾರವೆಲ್ಲ ಅವಳಿಗೆ ರೆಡ್‌ವುಡ್ ಸಿಟಿಯಲ್ಲಿ ಸಾಫ್ಟ್‌ವೇರಿನ ತಪ್ಪು ಹುಡುಕುವ ಕೆಲಸ. ರಜೆ ಬಂತೆಂದರೆ ಐನೂರು ವರ್ಷದ ಹಿಂದಿನ ಐರ್ಲೆಂಡಿನ ಗೃಹಿಣಿ! ಅಲ್ಲಿಯ ಹಳೆಯ ಹಬ್ಬಗಳನ್ನು ಆಡಿ ತೋರಿಸುವ ಕ್ಲಬ್ಬೊಂದಕ್ಕೆ ಸೇರಿದ್ದಾಳೆ. ಉಣ್ಣೆಯ ನಿಲುವಂಗಿ, ತಲೆಗೆ ಬಿಳಿ ವಸ್ತ್ರ, ಹಣೆಗೆ ಮಾತ್ರ ಮೈಸೂರಿನ ಕುಂಕುಮ. ಅದನ್ನು ಅಳಿಸು ಅನ್ನುವ ಧೈರ್ಯ ಯಾರಿಗೂ ಬಂದಿಲ್ಲ.

ಮೇ ತಿಂಗಳ ಮೊದಲ ದಿನ ಆ ಕಾಲದವರಿಗೆ ದೊಡ್ಡ ಹಬ್ಬ. ಬಾಗಿಲಿಗೆ ಹಸಿರು ಕೊಂಬೆ ಕಟ್ಟುತ್ತಿದ್ದರು. ಅವತ್ತು ಮನೆಯಿಂದ ಬೆಂಕಿಯೋ ಹಾಲೋ ಹೊರಗೆ ಹೋದರೆ ವರ್ಷದ ಅದೃಷ್ಟವೂ ಜೊತೆಗೇ ಹೋಗುತ್ತದೆಂಬ ನಂಬಿಕೆ. ಕೇಳಲು ಬಂದವಳು ಮಾಟಗಾತಿಯೆಂಬ ಗುಮಾನಿ ಬೇರೆ. ಕ್ಲಬ್ಬಿನವರು ಒಲೆ ಹೂಡಿ ಹಾಕುವ ಡೇರೆಯೇ ಆ ಕಾಲದ ಮನೆ, ಪದ್ಮಜಾಳದು ಅದರ ಯಜಮಾನಿಯ ಪಾತ್ರ. ಹಾಲು ಕೇಳಿ ಬಂದವರನ್ನೆಲ್ಲ ಗದರಿ ಕಳಿಸಬೇಕು. ಹೋದ ವರ್ಷ ಇವಳು ಚೊಂಬುಗಟ್ಟಲೆ ಹಾಲು ಹಂಚಿ, “ಪಾಪ, ಬಿಸಿಲಲ್ಲಿ ಬಂದಿದ್ರು ಕಣ್ರೀ” ಅಂದಳು.

ಕ್ಲಬ್ಬಿನ ಹಿರಿಯೆ ಮೊರೀನ್ ಐರ್ಲೆಂಡಿನಲ್ಲೇ ಹುಟ್ಟಿದವರು, ಬಲು ಖಡಕ್ಕು. “ಈ ಸಲವೂ ಕೊಟ್ಟರೆ ನಿನ್ನ ಪಾತ್ರ ಬೇರೆಯವರಿಗೆ” ಎಂದುಬಿಟ್ಟರು. ಪದ್ಮಜಾಳಿಗೆ ಅವತ್ತು ಊಟ ಸೇರಲಿಲ್ಲ. ಆ ಡೇರೆ, ಆ ಒಲೆ ಅಂದರೆ ಅವಳಿಗೆ ಪ್ರಾಣ. ದಿನಾ ಫ್ರಿಜ್ಜಿನ ಮುಂದೆ ನಿಂತು ನಾನು ಹಾಲು ಕೇಳುವುದು, ಅವಳು ಬೈಯುವುದು, ಹೀಗೆ ತಾಲೀಮು ನಡೆಯಿತು. ನನ್ನನ್ನು ಬೈಯಲು ಅವಳಿಗೆ ಯಾವ ಕಷ್ಟವೂ ಆಗಲಿಲ್ಲ.

ಹಬ್ಬದ ದಿನ ಬೆಳಿಗ್ಗೆಯೆಲ್ಲ ಮುಖ ಹಿಂಡಿಕೊಂಡೇ ಜನರನ್ನು ವಾಪಸು ಕಳಿಸಿದಳು. ಮಧ್ಯಾಹ್ನ ಮೊರೀನ್ ತಾವೇ ಮಣ್ಣಿನ ಲೋಟ ಹಿಡಿದು ಬಂದರು. ಬೆಳಗಿನಿಂದ ಓಡಾಡಿ ಅವರ ಮುಖ ಕೆಂಪಾಗಿತ್ತು, ತುಟಿ ಒಣಗಿತ್ತು.

“ಹಾಲು ಕೊಡು, ಮನೆಗೆ ಒಯ್ಯಬೇಕು.”

ಪದ್ಮಜಾ ಮೊರೀನರ ಮುಖವನ್ನೇ ನೋಡಿದಳು. ಡೇರೆಯ ಮೂಲೆಯಲ್ಲಿ ನಿಂತಿದ್ದ ನಾನು, ಮುಗೀತು ಕಥೆ ಅಂದುಕೊಂಡೆ.

“ಕೊಡಲ್ಲ. ಇವತ್ತು ಹಾಲು ಹೊಸ್ತಿಲು ದಾಟೋ ಹಾಗಿಲ್ಲ” ಎಂದವಳು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. “ನೀವೇ ಒಳಗೆ ಬನ್ನಿ. ಕೂತು ಕುಡೀರಿ.”

ಮೊರೀನ್ ವಾದಕ್ಕೆ ಬಾಯಿ ತೆರೆದರು. ಆಮೇಲೆ ಏನನ್ನಿಸಿತೋ, ಒಳಗೆ ಹೋಗಿ ಒಲೆಯ ಪಕ್ಕ ಕೂತು ಬೂಟು ಬಿಚ್ಚಿದರು. ಒಂದೇ ಉಸಿರಿಗೆ ಹಾಲು ಕುಡಿದು ಲೋಟವನ್ನು ಮತ್ತೆ ಚಾಚಿದರು.

“ನನ್ನ ಪಾತ್ರ?” ಪದ್ಮಜಾ ಮೆಲ್ಲಗೆ ಕೇಳಿದಳು.

“ಮೊದಲು ಹಾಲು ಹಾಕು, ಯಜಮಾನಿ.”