ಅಂಕಲ್‌ಗೆ ನಗು ಬಾರದ ಎಪಿಸೋಡು

ಹಗಲೆಲ್ಲ ಆಫೀಸಿನಲ್ಲಿ ದುಡಿದು ಬಂದವರು ಸಂಜೆ ಸೋಫಾದ ಮೇಲೆ ಕಾಲು ಚಾಚಿ ಮತ್ತೆ ಇನ್ನೊಂದು ಆಫೀಸಿನ ಕಥೆಯನ್ನೇ ಟೀವಿಯಲ್ಲಿ ಯಾಕೆ ನೋಡುತ್ತಾರೆ ಎಂಬುದು ನನಗೆ ಬಗೆಹರಿಯದ ಪ್ರಶ್ನೆ. ಬಸ್ ಕಂಡಕ್ಟರ್ ರಜೆಯ ದಿನ ಬೇರೆ ರೂಟಿನ ಬಸ್ಸು ಹತ್ತಿ, ಯಾರು ಟಿಕೆಟ್ ತಗೊಂಡರು, ಯಾರು ತಗೊಳ್ಳಲಿಲ್ಲ ಎಂದು ನೋಡುತ್ತ ಕೂರುತ್ತಾನೆಯೇ? ಹೋಟೆಲಿನ ಭಟ್ಟರು ಮನೆಗೆ ಬಂದ ಮೇಲೆ ಇನ್ನೊಬ್ಬರು ದೋಸೆ ಹುಯ್ಯುವುದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಾರೆಯೇ? ಆದರೆ ಈ ಅಮೆರಿಕದಲ್ಲಿ ಆಫೀಸಿನ ಹಾಸ್ಯ ಧಾರಾವಾಹಿಗಳಿಗೆ ಬರವಿಲ್ಲ. ನನ್ನ ಗಂಡ ಇಮ್ತಿಯಾಜ್ ನೋಡುತ್ತಾನೆ, ಮಗಳು ಸನಾ ನೋಡುತ್ತಾಳೆ. ನಾನು ಮಾತ್ರ ನೋಡುವುದಿಲ್ಲ ಎಂದು ಹಟ ಹಿಡಿದಿದ್ದೆ. ಕೊನೆಗೆ ಒಂದು ಧಾರಾವಾಹಿಯ ಸಂಪೂರ್ಣ ವ್ಯಾಖ್ಯಾನ ಬರೆಯುವಷ್ಟು ಪಾಂಡಿತ್ಯ ನನ್ನ ತಲೆಗೇ ಬಂದು ಕೂತಿತು. ಅದಕ್ಕೆ ಕಾರಣ ನಂಜುಂಡಯ್ಯ ಅಂಕಲ್.

ಅಂಕಲ್ ಸರ್ಜನ್. ಎಪ್ಪತ್ತರ ದಶಕದಲ್ಲಿ ಮೈಸೂರಿನಿಂದ ಇಲ್ಲಿಗೆ ಬಂದವರು, ಈಗ ನಿವೃತ್ತರು. ಏಪೆಕ್ಸ್ ಎಂಬ ಊರಿನಲ್ಲಿ ನಮ್ಮ ಮನೆಯಿಂದ ಎರಡು ರಸ್ತೆ ಆಚೆ ಇದ್ದಾರೆ. ಅವರು ಬೆಳೆದದ್ದು ಅಗ್ರಹಾರ, ನಾನು ಬೆಳೆದದ್ದು ಅದೇ ಮೈಸೂರಿನ ಮಂಡಿ ಮೊಹಲ್ಲಾ. ಇದು ಗೊತ್ತಾದ ದಿನವೇ ಅವರೂ ಆಂಟಿಯೂ ನನ್ನನ್ನು ಮನೆಮಗಳ ಪಟ್ಟಕ್ಕೆ ಏರಿಸಿಬಿಟ್ಟರು. ಪಟ್ಟ ಏರಿದ ಮೇಲೆ ಇಳಿಯುವ ಹಾಗಿಲ್ಲ. ಈದ್‌ಗೆ ನಮ್ಮ ಮನೆಯ ಶೀರ್ ಖುರ್ಮಾ ಅವರ ಮನೆಗೆ ಹೋಗಬೇಕು, ಗೌರಿ ಹಬ್ಬಕ್ಕೆ ಅವರ ಮನೆಯ ಒಬ್ಬಟ್ಟು ನಮ್ಮಲ್ಲಿಗೆ ಬರಬೇಕು. ಆಂಟಿ ತೀರಿಕೊಂಡ ಮೇಲೆ ಒಬ್ಬಟ್ಟು ನಿಂತಿತು. ಅದರ ಬದಲು ಫೋನು ಶುರುವಾಯಿತು.

ದಿನಾ ಸಂಜೆ ನಾನು ಕೊನೆಯ ಮೀಟಿಂಗ್ ಮುಗಿಸಿ, ಲ್ಯಾಪ್‌ಟಾಪ್ ಮುಚ್ಚಿ, ಕುಕ್ಕರಿಗೆ ಬೇಳೆ ಹಾಕುವ ಹೊತ್ತಿಗೆ ಸರಿಯಾಗಿ ಫೋನ್ ಬರುತ್ತಿತ್ತು. ಮೊದಲು, ಬಿಡುವಾಗಿದ್ದೀಯೇನಮ್ಮ ಎಂಬ ವಿಚಾರಣೆ. ನಾನು ಇಲ್ಲ ಅಂದರೂ ಪ್ರಶ್ನೆ ನಿಲ್ಲುತ್ತಿರಲಿಲ್ಲ. ಅಂಕಲ್ ಒಂದು ಧಾರಾವಾಹಿ ಹಿಡಿದಿದ್ದರು. ಎಲಿವೇಟರ್ ರಿಪೇರಿ ಮಾಡುವ ಯಾವುದೋ ಕಂಪನಿಯ ಆಫೀಸಿನ ಕಥೆ. ಅದರಲ್ಲೊಬ್ಬ ಪೆದ್ದ ಬಾಸ್, ಅವನ ಕೈಕೆಳಗೆ ನರಳುವ ಒಂದು ಗುಂಪು. ಪಾತ್ರಗಳೆಲ್ಲ ಮಧ್ಯೆ ಮಧ್ಯೆ ಕ್ಯಾಮೆರಾ ಕಡೆ ತಿರುಗಿ ಮನಸ್ಸಿನಲ್ಲಿರುವುದನ್ನು ಹೇಳಿಕೊಳ್ಳುತ್ತಿದ್ದವು.

ಜೀವಮಾನವೆಲ್ಲ ಆಪರೇಷನ್ ಥಿಯೇಟರಿನಲ್ಲಿ ಕಳೆದವರಿಗೆ ಆಫೀಸು ಎಂಬ ಲೋಕ ಅಂಗೈಯಗಲವೂ ಪರಿಚಯವಿಲ್ಲ. ಅವರು ಕತ್ತರಿ ಎಂದರೆ ಕತ್ತರಿ ಕೈಗೆ ಬರುತ್ತಿತ್ತು. ಹೀಗಾಗಿ ಎಪಿಸೋಡು ಮುಗಿದ ಕೂಡಲೇ ನನ್ನ ವಿಚಾರಣೆ. ಈ ಮೀಟಿಂಗನ್ನು ಯಾಕೆ ಕರೆದರು? ಮೀಟಿಂಗಿನಲ್ಲಿ ಏನೂ ತೀರ್ಮಾನ ಆಗಲಿಲ್ಲವಲ್ಲ, ಮತ್ತೆ ಎಲ್ಲರೂ ಥ್ಯಾಂಕ್ಸ್ ಯಾಕೆ ಹೇಳಿದರು? 'ಆಮೇಲೆ ಬೇರೆಯಾಗಿ ಮಾತಾಡೋಣ' ಅಂದರೆ ಮಾತಾಡುತ್ತಾರೋ ಇಲ್ಲವೋ? ಇಲ್ಲ ಅಂಕಲ್, ಮಾತಾಡುವುದಿಲ್ಲ ಎಂದೇ ಅದರ ಅರ್ಥ ಎಂದು ಒಗ್ಗರಣೆಗೆ ಸಾಸಿವೆ ಸಿಡಿಸುತ್ತ ಹೇಳುತ್ತಿದ್ದೆ. ಬಾಸ್‌ನ ಕಣ್ಣು, ಕತ್ತು ನೋಡಿದರೆ ಥೈರಾಯ್ಡ್ ಇರಬಹುದು, ಯಾರೂ ಟೆಸ್ಟ್ ಮಾಡಿಸಿಲ್ಲ ಎಂದು ಒಂದು ದಿನ ನಿಜವಾಗಿ ಬೇಸರಪಟ್ಟುಕೊಂಡರು. ಅವನು ನಟ ಅಂಕಲ್ ಎಂದೆ. ನಟರಿಗೆ ಥೈರಾಯ್ಡ್ ಬರಬಾರದೇ ಎಂದು ಕೇಳಿದರು. ನನ್ನ ಒಗ್ಗರಣೆ ಸೀದುಹೋಯಿತು.

ಅವರ ತಲೆ ತೀರಾ ತಿನ್ನುತ್ತಿದ್ದದ್ದು ಆ ಕ್ಯಾಮೆರಾ. ಪಕ್ಕದಲ್ಲಿ ಕೂತವನ ಬಗ್ಗೆ ಹೀಗೆಲ್ಲ ಬೈಯುತ್ತಾರಲ್ಲ, ಅವನಿಗೆ ಕೇಳಿಸುವುದಿಲ್ಲವೇ? ನಾನು ಸ್ಕೂಲಿನ ನಾಟಕ ನೆನಪು ಮಾಡಿದೆ. ನಮ್ಮ ಕಾಲದ ನಾಟಕಗಳಲ್ಲಿ 'ಸ್ವಗತ' ಎಂದು ಕಂಸದಲ್ಲಿ ಬರೆದಿರುತ್ತಿತ್ತು. ಮಂತ್ರಿಯ ಪಾತ್ರ ಹಾಕಿದ ನಾನು ಬಾಯಿಗೆ ಅಂಗೈ ಅಡ್ಡ ಹಿಡಿದು, ಈ ರಾಜ ಶುದ್ಧ ಮೂರ್ಖ ಎಂದು ಕೊನೆಯ ಬೆಂಚಿಗೂ ಕೇಳುವಂತೆ ಕಿರುಚುತ್ತಿದ್ದೆ. ಒಂದು ಮಾರು ದೂರದಲ್ಲಿ ನಿಂತ ರಾಜ ಮೀಸೆ ತಿರುವುತ್ತ ಸುಮ್ಮನಿರುತ್ತಿದ್ದ. ಸಂಸ್ಕೃತ ನಾಟಕದ ಕಾಲದಿಂದಲೂ ನಡೆದುಬಂದ ಏರ್ಪಾಡು ಅದು. ಪ್ರೇಕ್ಷಕರಿಗೆ ಸತ್ಯ, ಪಕ್ಕದವನಿಗೆ ಸುಳ್ಳು. ಇದನ್ನು ಕೇಳಿ ಅಂಕಲ್ ಇನ್ನು ಫೋನ್ ಇಡುತ್ತಾರೆ ಎಂದುಕೊಂಡೆ. ಹಾಗಾದರೆ ಸ್ವಗತ ಇಲ್ಲದ ಕಡೆ ಸತ್ಯ ಹೇಗೆ ತಿಳಿಯೋದು ಎಂದರು. ಅಂಕಲ್, ಬೇಳೆ ಉಕ್ಕುತ್ತಿದೆ ಎಂದು ನಾನೇ ಇಟ್ಟೆ.

ಹೀಗೆ ಒಂದು ಸಂಜೆ ಆ ಎಪಿಸೋಡು ಬಂತು. ಅದರಲ್ಲಿ ಕನ್ನಡಕದ ಹೆಂಗಸೊಬ್ಬಳು ತಿಂಗಳುಗಟ್ಟಲೆ ಕೂತು ಒಂದು ಯೋಜನೆ ಮಾಡಿರುತ್ತಾಳೆ. ಪೆದ್ದ ಬಾಸ್ ಅದನ್ನು ತನ್ನದೆಂದು ಮೇಲಿನವರ ಮುಂದೆ ಒಪ್ಪಿಸಿ ಶಹಬ್ಬಾಸ್‌ಗಿರಿ ಗಿಟ್ಟಿಸುತ್ತಾನೆ. ಆಮೇಲೆ ಅವಳ ಮೇಜಿನ ಮೇಲೆ ಕುಂಡದಲ್ಲೊಂದು ಬಾಡಿದ ಗಿಡ ತಂದಿಡುತ್ತಾನೆ. ಅವಳು ಕ್ಯಾಮೆರಾ ಕಡೆ ತಿರುಗಿ, ನಾನು ಫೈನ್, ನನಗೆ ಗಿಡ ಅಂದರೆ ಇಷ್ಟ, ಎನ್ನುತ್ತಾಳೆ. ನಮ್ಮ ಮನೆಯಲ್ಲಿ ಅಪ್ಪ ಮಗಳು ಇದನ್ನು ನೋಡಿ ಕುಶನ್ ಅಪ್ಪಿಕೊಂಡು ಉರುಳಾಡಿ ನಕ್ಕಿದ್ದರು.

ಅಂಕಲ್ ಫೋನಿನಲ್ಲಿ ಕೇಳಿದರು: "ನಸ್ರೀನ್, ಅವಳು ಫೈನ್ ಅಂದಳಲ್ಲ. ಕ್ಯಾಮೆರಾಗೆ ನಿಜ ಹೇಳ್ತಾರೆ ಅಂದಿದ್ದೆ ನೀನು. ಅವಳು ನಿಜವಾಗ್ಲೂ ಫೈನಾ?"

ಅಂದು ನನಗೆ ಬೆಳಗಿನಿಂದ ಮೀಟಿಂಗುಗಳೇ. ತಲೆ ಸಿಡಿಯುತ್ತಿತ್ತು. "ಇಲ್ಲ ಅಂಕಲ್. ಫೈನ್ ಅಲ್ಲ. ಅದೇ ಜೋಕು. ಇದನ್ನೆಲ್ಲ ಬಿಡಿಸಿ ಹೇಳಿದರೆ ನಗು ಬರಲ್ಲ," ಎಂದು ಸಿಡುಕಿದೆ.

"ಅನಿತಾನೂ ಪ್ರತಿ ಸಲ ಅದನ್ನೇ ಹೇಳ್ತಾಳಮ್ಮ," ಎಂದರು ಅಂಕಲ್.

ಅನಿತಾ ಅವರ ಒಬ್ಬಳೇ ಮಗಳು. ಇಲ್ಲೇ ಹುಟ್ಟಿ ಬೆಳೆದವಳು, ಈಗ ಜಾರ್ಜಿಯಾದ ಲಾರೆನ್ಸ್‌ವಿಲ್‌ನಲ್ಲಿದ್ದಾಳೆ. ಡಾಕ್ಟರಾಗಬೇಕಾದವಳು ಕಾಲೇಜಿನ ಅರ್ಧದಲ್ಲಿ ಆ ದಾರಿ ಬಿಟ್ಟು ಇನ್ಶೂರೆನ್ಸ್ ಕಂಪನಿ ಸೇರಿದ್ದಳು. ಅಂಕಲ್ ಜಗಳವಾಡಲಿಲ್ಲ, ಆದರೆ ವರ್ಷಗಟ್ಟಲೆ ಅವಳನ್ನು ಒಂದೇ ಮಾತು ಕೇಳಿದರು: ಅಲ್ಲಿ ನೀನು ಏನು ಕೆಲಸ ಮಾಡೋದು, ಕರೆಕ್ಟಾಗಿ? ಹಾಗೆ ಕೇಳಿದರೆ ಯಾರಿಗೂ ಉತ್ತರ ಹೊಳೆಯುವುದಿಲ್ಲ. ಆಂಟಿ ಇರುವ ತನಕ ಅಪ್ಪನ ಸುದ್ದಿ ಮಗಳಿಗೆ, ಮಗಳ ಸುದ್ದಿ ಅಪ್ಪನಿಗೆ ಆಂಟಿಯ ಮೂಲಕವೇ ಹೋಗುತ್ತಿತ್ತು. ಆಮೇಲೆ ಭಾನುವಾರದ ಫೋನು ಎರಡು ಮಾತಿಗೆ ಮುಗಿಯತೊಡಗಿತು. ಹೇಗಿದ್ದೀಯಾ? ಐ ಆಮ್ ಫೈನ್ ಅಪ್ಪ. ಹೋದ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಬಂದಾಗ ಅಂಕಲ್ ಮತ್ತೆ ಅದೇ ಪ್ರಶ್ನೆ ಕೇಳಿದ್ದರಂತೆ. ಅವಳು ಬೇಸತ್ತು, ಈ ಶೋ ನೋಡು ಅಪ್ಪ, ನಮ್ಮ ಆಫೀಸು ಎಕ್ಸಾಕ್ಟ್ಲಿ ಹೀಗೇ, ಎಂದು ಟೀವಿಯಲ್ಲಿ ಹಾಕಿಕೊಟ್ಟು ಹೋಗಿದ್ದಳಂತೆ.

ಅಂದರೆ ಇವರು ಇಷ್ಟು ದಿನ ನೋಡಿದ್ದು ಹಾಸ್ಯ ಧಾರಾವಾಹಿಯನ್ನಲ್ಲ, ಮಗಳನ್ನು. ಪೇಷಂಟ್ ಬಾಯಿ ಬಿಡದಿದ್ದರೆ ಎಕ್ಸ್‌ರೇ ನೋಡುವ ಹಾಗೆ. ನೋಡಿ ನೋಡಿ, ಮಗಳು ಆ ಕನ್ನಡಕದ ಹೆಂಗಸೇ ಎಂದು ತೀರ್ಮಾನಕ್ಕೆ ಬಂದಿದ್ದರು. ಅನಿತಾಗೂ ಕನ್ನಡಕವಿತ್ತು.

ಶನಿವಾರ ಲಾರೆನ್ಸ್‌ವಿಲ್‌ಗೆ ಹೋಗಬೇಕು ಎಂದರು. ಕಣ್ಣಿನ ತೊಂದರೆಯಿಂದ ಅವರಿಗೆ ಹೈವೇ ಡ್ರೈವಿಂಗ್ ನಿಂತುಹೋಗಿತ್ತು. ಇಮ್ತಿಯಾಜ್‌ಗೆ ಸನಾಳನ್ನು ಡಿಬೇಟ್ ಸ್ಪರ್ಧೆಗೆ ಕರೆದೊಯ್ಯುವ ಡ್ಯೂಟಿ. ವಾರಕ್ಕೊಂದು ಶನಿವಾರ, ಅದೂ ಹೋಯಿತಲ್ಲ ಎಂದು ಗೊಣಗುತ್ತ ನಾನೇ ಹೊರಟೆ. ಫೋನ್ ಮಾಡಿ ಹೇಳೋಣ ಅಂದರೆ ಅಂಕಲ್ ಒಪ್ಪಲಿಲ್ಲ. ಹೇಳಿದರೆ ಅವಳು ಫೈನ್ ಆಗಿ ರೆಡಿಯಾಗಿ ಕೂತಿರುತ್ತಾಳೆ ಎಂದರು. ಆರು ಗಂಟೆಯ ದಾರಿ. ಶಾರ್ಲಟ್ ಬರುವ ತನಕ ಧಾರಾವಾಹಿಯ ಪ್ರಶ್ನೆಗಳು, ಆಮೇಲೆ ಮೌನ. ಪ್ರಶ್ನೆಗಳು ಬೇಡ ಎಂದು ಅಷ್ಟು ದಿನ ಬೇಡಿಕೊಂಡಿದ್ದ ನನಗೆ ಆ ಮೌನವೇ ಹೆಚ್ಚು ಕಷ್ಟವಾಯಿತು. ಗ್ಯಾಫ್ನಿಯಲ್ಲಿ ಪೀಚ್ ಹಣ್ಣಿನ ಆಕಾರದ ನೀರಿನ ಟ್ಯಾಂಕು ಬಂದಾಗ, ನೋಡಿ ಅಂಕಲ್, ಎಂದೆ. ಅವರು ಅದರ ಕಡೆ ತಿರುಗಲಿಲ್ಲ. "ಕೆಲಸ ಬಿಟ್ಟು ಬಂದುಬಿಡು ಅಂದರೆ ಬರ್ತಾಳಾ?" ಎಂದು ಕೇಳಿದರು.

ಬಾಗಿಲು ತೆಗೆದ ಅನಿತಾ ನಮ್ಮಿಬ್ಬರನ್ನೂ ನೋಡಿ ಬಿಳಿಚಿಕೊಂಡಳು. ಹೇಳದೆ ಕೇಳದೆ ಅಪ್ಪ ಬಂದರೆ ಯಾರಿಗಾದರೂ ಏನೋ ಆಗಿದೆ ಎಂದೇ ಅಲ್ಲವೇ ಅನ್ನಿಸುವುದು? ಒಳಗೆ ಕೂರಿಸಿ ನೀರು ಕೊಟ್ಟು, ವಾಟ್ ಹ್ಯಾಪನ್ಡ್ ಅಪ್ಪ ಎಂದು ಮತ್ತೆ ಮತ್ತೆ ಕೇಳಿದಳು. ಅಂಕಲ್ ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತನ್ನು ಒಂದೇ ಉಸಿರಿಗೆ ಹೇಳಿದರು. ಆ ಗಿಡದ ಎಪಿಸೋಡು ನೋಡಿದೆ, ಅವರು ನಿನ್ನನ್ನು ಹಾಗೆ ನಡೆಸಿಕೊಳ್ಳೋದಾದರೆ ಆ ಕೆಲಸ ಬೇಡ, ಮನೆಗೆ ಬಾ.

ಅನಿತಾ ಅಪ್ಪನ ಮುಖ ನೋಡಿದಳು, ಆಮೇಲೆ ನನ್ನ ಮುಖ. ಅವಳಿಗೆ ನಗು ಬಂತು, ಅದನ್ನು ತಡೆದುಕೊಂಡಳು.

"ಅಪ್ಪ, ನಾನು ಅವಳಲ್ಲ. ನಾನು ಬಾಸ್," ಎಂದಳು. "ಆ ಈಡಿಯಟ್ ಇದ್ದಾನಲ್ಲ, ಅದು ನಾನು. ಲಾಸ್ಟ್ ಇಯರ್ ಆಫೀಸಲ್ಲಿ ನನ್ನನ್ನ ಡೈರೆಕ್ಟರ್ ಮಾಡಿದರು. ಅದಕ್ಕೇ ಶೋ ನೋಡು ಅಂದಿದ್ದು. ಇಟ್ ವಾಸ್ ಎ ಜೋಕ್."

ನನಗೆ ನಗಬೇಕೋ, ಆರು ಗಂಟೆಯ ಪೆಟ್ರೋಲಿಗೆ ಅಳಬೇಕೋ ತಿಳಿಯಲಿಲ್ಲ. ಅಂಕಲ್ ಮಾತ್ರ ನಗಲಿಲ್ಲ. ಒಂದು ವರ್ಷ ಆಯಿತು, ನನಗೆ ಹೇಳಲಿಲ್ಲವಲ್ಲ, ಎಂದರು. ದನಿ ಇಳಿದಿತ್ತು. ಕೆಟ್ಟ ಸುದ್ದಿ ಮುಚ್ಚಿಟ್ಟರೆ, ಪಾಪ, ಅಪ್ಪ ನೊಂದುಕೊಳ್ಳದಿರಲಿ ಎಂದು ಮುಚ್ಚಿಟ್ಟರು ಅಂದುಕೊಳ್ಳಬಹುದು. ಒಳ್ಳೆಯ ಸುದ್ದಿಯನ್ನೇ ಮುಚ್ಚಿಟ್ಟರೆ ಅದಕ್ಕೆ ಯಾವ ಸಮಾಧಾನವಿದೆ?

ಅನಿತಾ ಲೋಟವನ್ನು ಮೇಜಿನ ಮೇಲಿಟ್ಟಳು. "ಹೇಳಿದರೆ ನೀನು ಕೇಳ್ತಿದ್ದೆ, ವಾಟ್ ಡು ಯೂ ಡೂ, ಕರೆಕ್ಟಾಗಿ. ಅಮ್ಮ ಇದ್ದಿದ್ದರೆ ಅಮ್ಮಂಗೆ ಹೇಳ್ತಿದ್ದೆ. ಅವಳು ಪಾಯಸ ಮಾಡ್ತಿದ್ದಳು. ಏನೂ ಕೇಳ್ತಿರಲಿಲ್ಲ."

ನಾನು ಎದ್ದು ಅಡುಗೆಮನೆಗೆ ಹೋದೆ. ಬೇರೆಯವರ ಅಡುಗೆಮನೆಯಲ್ಲಿ ಟೀ ಪುಡಿ ಹುಡುಕುವುದು ಇಂಥ ಹೊತ್ತಿನಲ್ಲಿ ದೊಡ್ಡ ಉಪಕಾರ. ಹುಡುಕುತ್ತಿರುವಾಗ ಹೊರಗಿನ ಮಾತು ಕಿವಿಗೆ ಬೀಳುತ್ತಿತ್ತು. ಅಂಕಲ್ ಕೇಳಿದರು, ಸರಿ, ನಿನ್ನೆ ಆಫೀಸಿನಲ್ಲಿ ಏನು ಮಾಡಿದೆ, ಅದನ್ನು ಹೇಳು. ಕರೆಕ್ಟಾಗಿ ಎಂಬ ಪದ ಬಿಟ್ಟಿದ್ದರು. ಅವಳು ಮೊದಲು ತಡವರಿಸಿದಳು. ಆಮೇಲೆ, ಕನ್ನಡ ಸಾಲದೆ ಇಂಗ್ಲಿಷಿಗೆ ಜಾರುತ್ತ ಹೇಳತೊಡಗಿದಳು. ಕರಾವಳಿಯಲ್ಲಿ ಬಿರುಗಾಳಿ ಎದ್ದು ಮನೆಗಳು ಹಾಳಾಗಿವೆ. ಸಾವಿರಾರು ಜನ ಒಟ್ಟಿಗೆ ಫೋನ್ ಮಾಡುತ್ತಾರೆ. ಎಲ್ಲರ ಮನೆಗೂ ಒಂದೇ ದಿನ ಜನ ಕಳಿಸಲು ಆಗುವುದಿಲ್ಲ. ಯಾರ ಚಾವಣಿ ಹಾರಿದೆ, ಯಾರ ಮನೆಯಲ್ಲಿ ಮಗುವಿದೆ, ಯಾರು ಆಕ್ಸಿಜನ್ ಮೇಲಿದ್ದಾರೆ, ಯಾರು ಇನ್ನೆರಡು ದಿನ ಕಾಯಬಹುದು, ಇದನ್ನು ತೀರ್ಮಾನಿಸುವುದು ಅವಳ ತಂಡ. ತಪ್ಪಾದರೆ ಬೈಸಿಕೊಳ್ಳುವುದು ಅವಳು.

"ಇದು ಟ್ರಯಾಜ್ ಅಲ್ವೇನೇ?" ಎಂದರು ಅಂಕಲ್. ಅಪಘಾತದ ವಾರ್ಡಿಗೆ ಒಟ್ಟಿಗೆ ಬಂದವರಲ್ಲಿ ಮೊದಲು ಯಾರನ್ನು ನೋಡಬೇಕೆಂದು ಡಾಕ್ಟರು ಆರಿಸುವುದಕ್ಕೆ ಆಸ್ಪತ್ರೆಯಲ್ಲಿ ಅದೇ ಹೆಸರು.

"ಹೌದು ಅಪ್ಪ. ಇಟ್ಸ್ ಟ್ರಯಾಜ್."

"ಅದು ತುಂಬಾ ಕಷ್ಟದ ಕೆಲಸ," ಎಂದರು. ಆಮೇಲೆ ತಮ್ಮ ಮೊದಲ ವರ್ಷದ ಎಮರ್ಜೆನ್ಸಿ ಡ್ಯೂಟಿಯಲ್ಲಿ ತಾವು ಮಾಡಿದ ಒಂದು ತಪ್ಪು ಆಯ್ಕೆಯ ಕಥೆ ಹೇಳಿದರು. ಅದನ್ನು ಅವಳು ಎಂದೂ ಕೇಳಿರಲಿಲ್ಲ. ಟೀ ಪುಡಿ ನನಗೆ ಆಗಲೇ ಸಿಕ್ಕಿತ್ತು. ಹುಡುಕುತ್ತಲೇ ಇದ್ದೆ.

ರಾತ್ರಿ ಅಲ್ಲೇ ಉಳಿದು ಭಾನುವಾರ ಹೊರಟೆವು. ಇನ್ನು ಈ ಧಾರಾವಾಹಿಯ ಕಾಟ ಮುಗಿಯಿತು ಎಂದು ನಾನು ನೆಮ್ಮದಿಯಿಂದ ಹೈವೇ ಹತ್ತಿದೆ. ಅಂಕಲ್ ಸೀಟು ಸ್ವಲ್ಪ ಹಿಂದಕ್ಕೆ ಸರಿಸಿಕೊಂಡು ಕೂತು, ನಿದ್ದೆ ಹೋಗುತ್ತಾರೆ ಅನ್ನುವಷ್ಟರಲ್ಲಿ, "ನಸ್ರೀನ್, ಇಷ್ಟು ವರ್ಷದಿಂದ ಪರಿಚಯ. ನೀನು ಏನು ಕೆಲಸ ಮಾಡ್ತೀಯಾ ಅಂತ ನಾನು ಕೇಳೇ ಇಲ್ಲವಲ್ಲಮ್ಮ," ಎಂದರು.

ಇದು ಬೇಕಿತ್ತೇ ನನಗೆ ಎಂದುಕೊಂಡೆ. ಪ್ರಾಜೆಕ್ಟ್ ಮ್ಯಾನೇಜರ್ ಅಂಕಲ್ ಎಂದು ಎರಡು ಮಾತಿನಲ್ಲಿ ಮುಗಿಸಿದೆ. ಅದು ಗೊತ್ತು, ಮೊನ್ನೆ ಏನು ಮಾಡಿದೆ ಹೇಳು, ಎಂದರು. ಮೊನ್ನೆ ನಾನೇನು ಮಾಡಿದೆ? ಒಬ್ಬನಿಗೆ ಸಿಟ್ಟು ಬಂದಿತ್ತು, ಸಮಾಧಾನ ಮಾಡಿದೆ. ಇನ್ನೊಬ್ಬಳು ಕೆಲಸ ಮುಗಿಸಿದ್ದಳು, ಆದರೆ ಹೇಳಲು ಸಂಕೋಚಪಡುತ್ತಿದ್ದಳು; ಅವಳ ಪರವಾಗಿ ಹೇಳಿದೆ. ಮೂರನೆಯವನಿಗೆ ಇಲ್ಲ ಎನ್ನಬೇಕಿತ್ತು, ಅವನಿಗೆ ನೋವಾಗದ ಹಾಗೆ ಇಲ್ಲ ಅಂದೆ. ಹೇಳುತ್ತ ಹೋದಂತೆ, ಇಷ್ಟೆಲ್ಲ ಮಾಡುತ್ತೇನೆಯೇ ಎಂದು ನನಗೇ ಆಶ್ಚರ್ಯವಾಯಿತು. ಗಂಡ ಕೇಳಿಲ್ಲ, ಮಗಳು ಕೇಳಿಲ್ಲ, ಅವರು ಕೇಳಲಿಲ್ಲ ಎಂದು ನನಗೂ ಅನ್ನಿಸಿರಲಿಲ್ಲ. ಅಂಕಲ್ ಮಧ್ಯೆ ಮಧ್ಯೆ, ಆಮೇಲೆ, ಎನ್ನುತ್ತಿದ್ದರು.

ಏಪೆಕ್ಸ್‌ಗೆ ತಿರುಗಬೇಕಾದ ಎಕ್ಸಿಟ್ ಯಾವಾಗ ದಾಟಿತೋ ಗೊತ್ತಾಗಲಿಲ್ಲ. ನನಗೆ ಗೊತ್ತಾಗುವ ಹೊತ್ತಿಗೆ ಮುಂದಿನ ಊರಾದ ರಾಲಿಯ ಬೋರ್ಡುಗಳು ಬರುತ್ತಿದ್ದವು. ಅಂಕಲ್, ಎಕ್ಸಿಟ್ ಹೋಯಿತಲ್ಲ, ನೀವಾದರೂ ಹೇಳಬಾರದಿತ್ತೇ ಎಂದು ರೇಗಿದೆ.

"ನೋಡಿದೆ," ಎಂದರು. "ನೀನು ಇನ್ನೂ ಮುಗಿಸಿರಲಿಲ್ಲವಲ್ಲ."