ವಸಂತಿಯಕ್ಕನ ಮೆತ್ತಗಿನ ಜಾಹೀರಾತು

ವಸಂತಿಯಕ್ಕನ ಕೊರಳಲ್ಲಿ ಯಾವಾಗಲೂ ಎರಡು ವಸ್ತುಗಳು ನೇತಾಡುತ್ತಿದ್ದವು: ಅಳತೆಯ ಟೇಪು ಮತ್ತು ಟಿವಿಯ ರಿಮೋಟು. ಟೇಪು ಸರಿ, ಅವರು ಪರ್ಕಳದಲ್ಲಿ ಮನೆಯಲ್ಲೇ ಕೂತು ರವಕೆ ಹೊಲಿಯುವವರು. ರಿಮೋಟಿಗೂ ಲಂಗದ ಲಾಡಿ ಕಟ್ಟಿ ಹಾಕಿಕೊಂಡದ್ದೇಕೆಂದು ಮೊದಲ ದಿನ ನನಗೆ ತಿಳಿಯಲಿಲ್ಲ. ಮಣಿಪಾಲದ ಲ್ಯಾಬೊಂದರಲ್ಲಿ ಕೆಲಸ ಸಿಕ್ಕಿದ ಹೊಸತು, ಅವರ ಮಾಳಿಗೆಯ ಕೋಣೆಯನ್ನು ಬಾಡಿಗೆಗೆ ಕೇಳಲು ಹೋಗಿದ್ದೆ. ಟಿವಿಗೆ ಬೆನ್ನು ಹಾಕಿ ಹೊಲಿಯುತ್ತಿದ್ದವರು ಮಾತಿನ ನಡುವೆ ತಟ್ಟನೆ ರಿಮೋಟು ಒತ್ತಿದರು. ತಿರುಗಿ ನೋಡಿದರೆ ಪರದೆಯ ಮೇಲೊಬ್ಬ ಬಾಯಿ ಅಗಲ ಮಾಡಿಕೊಂಡು ಸಾಬೂನು ಮಾರುತ್ತಿದ್ದ. ಸದ್ದು ಮಾತ್ರ ಇಲ್ಲ.

"ಜಾಹೀರಾತು ಬರ್ತದೆ ಅಂತ ಹೇಗೆ ಗೊತ್ತಾಯಿತು?" ಎಂದೆ.

"ಬರುವ ಮೊದಲು ಒಂದು ಚಿಟಿಕೆ ಹೊತ್ತು ಟಿವಿ ಉಸಿರು ಹಿಡಿಯುತ್ತದೆ ಮಾರಾಯ್ತಿ. ನಿನಗೆ ಗೊತ್ತಾಗುವುದಿಲ್ಲವಾ?"

ಇಷ್ಟು ಎಚ್ಚರಕ್ಕೆ ಕಾರಣ ಕಿಟಕಿಯ ಪಕ್ಕದ ಮಂಚದಲ್ಲಿದ್ದ ಅವರ ಅಪ್ಪ. ಪಕ್ಷವಾತವಾಗಿ ಎಡಗೈ, ಎಡಗಾಲು ಬಿದ್ದುಹೋಗಿದ್ದವು. ಸೀರಿಯಲ್ಲು ಹಿತವಾಗಿ ನಡೆಯುತ್ತಿದ್ದಾಗ ಜಾಹೀರಾತು ಏಕಾಏಕಿ ಅಬ್ಬರಿಸಿದರೆ ಅವರ ಇಡೀ ಮೈ ಬೆಚ್ಚಿ ಅದುರುತ್ತಿತ್ತು. ಟಿವಿ ಬೇಡ ಎನ್ನುವ ಹಾಗೂ ಇಲ್ಲ. ಭಾನುವಾರ ಸಂಜೆ ನಾಲ್ಕಕ್ಕೆ ಊರಿನ ಕೇಬಲ್ಲಿನಲ್ಲಿ ಬರುವ ಯಕ್ಷಗಾನದ ಆಟಕ್ಕೆ ಅವರು ವಾರವಿಡೀ ಕಾಯುತ್ತಿದ್ದರು. ಅಜೆಕಾರಿನ ಅಕ್ಕಿ ಮಿಲ್ಲಿನಲ್ಲಿ ಆಯುಷ್ಯ ಕಳೆದವರು, ಅಷ್ಟು ಸದ್ದು ಸಹಿಸಿದವರಿಗೆ ಇದೇಕೆ ಆಗುವುದಿಲ್ಲ ಎಂದು ಒಮ್ಮೆ ಕೇಳಿದ್ದೆ. ಅಜ್ಜ ತೊದಲುತ್ತಾ ಹೇಳಿದರು: "ಮಿಲ್ಲಿನ ಸದ್ದು ಒಂದೇ ಸಮ ಇತ್ತು ಮಗಾ. ಇದು ಹಿಂದಿನಿಂದ ಬಂದು ಹೊಡೆದ ಹಾಗೆ."

ಒಂದು ಭಾನುವಾರ ಯಾರೋ ರವಕೆ ಅಳತೆ ಕೊಡಲು ಬಂದಿದ್ದರು. ಅವರಿಗಾಗಿ ಟೇಪು ತೆಗೆಯುವಾಗ ರಿಮೋಟಿನ ಲಾಡಿ ಅದಕ್ಕೆ ಸುತ್ತಿಕೊಂಡಿತು. ಅಷ್ಟರಲ್ಲಿ ಭಾಗವತರ ಪದ ಮುಗಿದು, "ಬನ್ನಿ! ಬನ್ನಿ! ಬನ್ನಿ!" ಎಂದು ಕಾಪುವಿನ ಸೀರೆ ಅಂಗಡಿಯ ಜಾಹೀರಾತು ಕಿರುಚಿತು. ಅಜ್ಜನ ಬಲಗೈಯಲ್ಲಿ ಬಿಸಿ ಗಂಜಿಯ ಲೋಟ ಇತ್ತು. ಅದು ಅವರ ಎದೆಯ ಮೇಲೆಯೇ ಮಗುಚಿತು.

ಗುಳ್ಳೆ ಎದ್ದ ಎದೆಗೆ ವಸಂತಿಯಕ್ಕ ರಾತ್ರಿಯವರೆಗೂ ಮುಲಾಮು ಹಚ್ಚಿದರು. ಮರುದಿನ ಬೆಳಿಗ್ಗೆ ಇಸ್ತ್ರಿಯ ಸೀರೆ ಉಟ್ಟು ನನ್ನ ಬಾಗಿಲು ತಟ್ಟಿದರು. "ಇವತ್ತು ರಜೆ ಹಾಕು. ಕೇಬಲ್ ಆಫೀಸಿಗೆ ಹೋಗುವ."

ಕೇಬಲ್ಲಿನ ಸದಾಶಿವಣ್ಣ ಸಣಕಲು ದೇಹದ, ಜಗಳವೆಂದರೆ ಹೆದರುವ ಮನುಷ್ಯ. "ಅಂಗಡಿಯವರು ಕೊಟ್ಟ ಹಾಗೆ ಹಾಕುವುದು ಅಕ್ಕ. ಅಡುಗೆಮನೆಯಲ್ಲಿರುವ ಹೆಂಗಸರಿಗೂ ಕೇಳಬೇಕು ಅಂತ ಧಣಿಗಳದ್ದೇ ಹಠ" ಎಂದ.

"ಅಡುಗೆಮನೆಯಲ್ಲಿರುವ ಹೆಂಗಸು ನಾನೇ. ನನಗೆ ಕೇಳುತ್ತದೆ. ಕೇಳಿ ಸಿಟ್ಟು ಬರುತ್ತದೆ. ಸಿಟ್ಟು ಬಂದವಳು ಅವರ ಅಂಗಡಿಗೆ ಸೀರೆ ತೆಗೀಲಿಕ್ಕೆ ಹೋಗ್ತಾಳಾ? ನೀವೇ ಹೇಳಿ."

ಸದಾಶಿವಣ್ಣ ತಲೆ ಕೆರೆದುಕೊಂಡು ಕಾಪುವಿನ ಧಣಿಗೆ ಫೋನು ಹಚ್ಚಿದ. ಆ ಕಡೆಯಿಂದ ಬಂದ "ಎಂತ? ಎಂತದು? ಜೋರು ಹೇಳು!" ಎಂಬ ಬೊಬ್ಬೆಗೆ ಫೋನನ್ನು ಕಿವಿಯಿಂದ ಮಾರು ದೂರ ಹಿಡಿಯಬೇಕಾಯಿತು. "ಅವರಿಗೆ ಕಿವಿ ಸ್ವಲ್ಪ ಮಂದ" ಎಂದು ನಮಗೆ ಪಿಸುಗುಟ್ಟಿದ. ವಸಂತಿಯಕ್ಕ ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ನಗು ತಡೆಯಲಾಗಲಿಲ್ಲ. ಇಡೀ ಉಡುಪಿಯ ಟಿವಿಗಳು ಕಿರುಚುತ್ತಿದ್ದದ್ದು ಒಬ್ಬ ಮುದುಕರಿಗೆ ಸರಿಯಾಗಿ ಕೇಳಲಿ ಎಂದು!

ಮುಂದಿನ ಬಸ್ಸಿಗೇ ಕಾಪುವಿಗೆ ಹೊರಟೆವು. ದಾರಿಯುದ್ದಕ್ಕೂ ನನಗೆ ಒಂದೇ ಯೋಚನೆ. ಬೈದು ಕಳಿಸಿದರೆ? ವಸಂತಿಯಕ್ಕ ಮಾತ್ರ ಪಕ್ಕದವಳ ರವಕೆಯ ತೋಳಿನ ಹೊಲಿಗೆ ಸರಿಯಿಲ್ಲ ಎಂದು ನನ್ನ ಕಿವಿಯಲ್ಲಿ ಹೇಳುತ್ತಿದ್ದರು.

ಅಂಗಡಿಯಲ್ಲಿ ಧಣಿಗಳು ಗಾದಿಯ ಮೇಲೆ ಕೂತಿದ್ದರು. ಹುಡುಗಿಯರು ಅವರಿಗೆ ಒಂದೊಂದನ್ನೂ ಕೂಗಿ ಕೂಗಿ ಹೇಳುತ್ತಿದ್ದರು. ವಸಂತಿಯಕ್ಕ ಕೂಗಲಿಲ್ಲ. ಒಂದು ಸ್ಟೂಲು ಎಳೆದುಕೊಂಡು ಅವರ ಎದುರೇ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತು, ತುಟಿ ಕಾಣುವ ಹಾಗೆ ನಿಧಾನವಾಗಿ ಎಲ್ಲ ಹೇಳಿದರು: ಅಪ್ಪ, ಗಂಜಿ, ಗುಳ್ಳೆ. ಧಣಿಗಳ ಕಣ್ಣು ಅವರ ಮುಖದಿಂದ ಕದಲಲಿಲ್ಲ.

"ನೀವು ಹೇಳಿದ್ದು ಎಲ್ಲ ಕೇಳಿತು" ಎಂದರು ಕೊನೆಗೆ, ತಮಗೇ ಆಶ್ಚರ್ಯವಾದಂತೆ. "ನನ್ನ ಹತ್ತಿರ ಹೀಗೆ ಯಾರೂ ಮಾತಾಡುವುದಿಲ್ಲ ಅಮ್ಮ. ಎಲ್ಲರೂ ಬೊಬ್ಬೆ ಹಾಕುತ್ತಾರೆ." ಮತ್ತೆ "ಹಾಗಾದರೆ ಜಾಹೀರಾತನ್ನೂ ನೀವೇ ಹೇಳಿ. ಒಂದು ಭಾನುವಾರ ನೋಡುವ" ಎಂದುಬಿಟ್ಟರು.

ಆ ಶನಿವಾರ ಸದಾಶಿವಣ್ಣನ ಆಫೀಸಿನಲ್ಲಿ ಫ್ಯಾನು ನಿಲ್ಲಿಸಿ, ಕಿಟಕಿ ಮುಚ್ಚಿ ರೆಕಾರ್ಡು ಮಾಡಿದ್ದಾಯಿತು. ಧೈರ್ಯವೆಲ್ಲ ಮೈಕಿನ ಮುಂದೆ ಎಲ್ಲಿಗೆ ಹೋಯಿತೋ! ವಸಂತಿಯಕ್ಕ ಬರೆದುಕೊಟ್ಟದ್ದನ್ನು ಮೂರು ಸಲ ತಪ್ಪಿ, ನಾಲ್ಕನೆಯ ಸಲ ಕಾಗದವನ್ನು ಮಡಚಿಟ್ಟು, ಬೇಲಿಯಾಚೆಯ ನೆರೆಮನೆಯವಳಿಗೆ ಹೇಳುವ ಹಾಗೆ ಹೇಳಿದರು: "ಕಾಪುವಿನಲ್ಲಿ ನಮ್ಮದೊಂದು ಸೀರೆ ಅಂಗಡಿ ಉಂಟು. ಹೊಸ ಸೀರೆ ಬಂದಿದೆ. ಬಿಡುವಾದಾಗ ಬನ್ನಿ. ಈಗ ಆಟ ನೋಡಿ."

ಭಾನುವಾರ ಮೂರೂವರೆಗೇ ಆ ಪುಟ್ಟ ಕೋಣೆ ತುಂಬಿತ್ತು. ನೆರೆಮನೆಯವರು ಬಟ್ಟೆಯ ಗಂಟುಗಳ ಮೇಲೆಯೇ ಕೂತರು. ಅಜ್ಜನಿಗೆ ಯಾರೂ ಏನೂ ಹೇಳಿರಲಿಲ್ಲ. ಅವರು ಎಂದಿನಂತೆ ಗಂಜಿಯ ಲೋಟ ಹಿಡಿದು ಆಟದಲ್ಲಿ ಮುಳುಗಿದ್ದರು. ಪದ ಮುಗಿಯಿತು. ಟಿವಿ ಉಸಿರು ಹಿಡಿದದ್ದು ಆ ದಿನ ನನಗೂ ಗೊತ್ತಾಯಿತು. ವಸಂತಿಯಕ್ಕನ ಹೆಬ್ಬೆರಳು ತಾನಾಗಿಯೇ ರಿಮೋಟಿನ ಮೇಲೆ ಹೋಯಿತು. ನಾನು ಅವರ ಕೈ ಹಿಡಿದುಕೊಂಡೆ.

"ಕಾಪುವಿನಲ್ಲಿ ನಮ್ಮದೊಂದು ಸೀರೆ ಅಂಗಡಿ ಉಂಟು..."

ಅಜ್ಜ ಬೆಚ್ಚಲಿಲ್ಲ. ಟಿವಿ ನೋಡಿದರು, ಮಗಳನ್ನು ನೋಡಿದರು, ಮತ್ತೆ ಟಿವಿ ನೋಡಿದರು. "ವಸಂತೀ, ನೀನು ಅದರೊಳಗೆ ಎಂತ ಮಾಡ್ತಿ?" ಎಂದರು.

ನಾವು ನಕ್ಕದ್ದು ಪರ್ಕಳದ ಪೇಟೆಯವರೆಗೂ ಕೇಳಿರಬೇಕು. ವಸಂತಿಯಕ್ಕ ನಗುತ್ತಾ ನಗುತ್ತಾ ಅತ್ತೇಬಿಟ್ಟರು.

ಆ ವಾರ, ಟಿವಿಯಲ್ಲಿ ಮಾತಾಡಿದ ಹೆಂಗಸು ಯಾರೆಂದು ಕೇಳಿಕೊಂಡೇ ಜನ ಅಂಗಡಿಗೆ ಹೋದರಂತೆ. ಆಮೇಲೆ ಅದೇ ದನಿ ಬೇಕೆಂದು ಬೆಳ್ಮಣ್ಣಿನ ಪಾತ್ರೆ ಅಂಗಡಿಯವರು ಬಂದರು, ಕಾರ್ಕಳದ ಬೇಕರಿಯವರು ಬಂದರು. ವಸಂತಿಯಕ್ಕ ಬಸ್ಸಿನಲ್ಲಿ ಟಿಕೆಟು ಕೇಳಿದರೂ ಜನ ತಿರುಗಿ ನೋಡುವಂತಾಯಿತು. ದೊಡ್ಡ ಚಾನೆಲ್ಲುಗಳು ಮಾತ್ರ ಮೊದಲಿನಂತೆಯೇ ಕಿರುಚುತ್ತಿದ್ದವು. "ಅವರ ಆಫೀಸು ಎಲ್ಲಿ ಉಂಟು, ಹೇಳು. ಹೋಗುವ" ಎನ್ನುತ್ತಿದ್ದರು ವಸಂತಿಯಕ್ಕ. ತಮಾಷೆಗೆ ಹೇಳಿದ್ದಲ್ಲ, ಬಸ್ಸು ಇದ್ದಿದ್ದರೆ ಹೊರಟೇ ಬಿಡುತ್ತಿದ್ದರು.

ಎರಡು ವರ್ಷದ ಮೇಲೆ ನನಗೆ ಮೈಸೂರಿಗೆ ವರ್ಗವಾಯಿತು. ಅಜ್ಜ ತೀರಿಕೊಂಡ ಸುದ್ದಿ ಅಲ್ಲಿಗೆ ಬಂತು. ಅದಾದ ಮಳೆಗಾಲದಲ್ಲಿ ಉಡುಪಿಯ ಬಸ್ ನಿಲ್ದಾಣದಲ್ಲಿ ವಸಂತಿಯಕ್ಕ ಸಿಕ್ಕಿದರು. ಮನೆ ಮಾರಿ ಅಜೆಕಾರಿನ ತಂಗಿಯ ಜೊತೆಗಿದ್ದರು. ಕಸದ ಗಾಡಿಯ ಮೈಕಿನಲ್ಲಿ ಹಾಕಲು ಪಂಚಾಯತಿನವರು ಅವರ ದನಿ ಕೇಳಿದ್ದರಂತೆ. "ಹಸಿ ಕಸ, ಒಣ ಕಸ ಅಂತ ನಾನು ಹೇಳ್ಲಿಕ್ಕುಂಟು ಮಾರಾಯ್ತಿ!" ಎಂದು ಕೊಡೆ ಬೀಸಿ ಬೀಸಿ ಹೇಳಿ ಪಕ್ಕದವರನ್ನೆಲ್ಲ ನೆನೆಸಿದರು. ಮಾತು ಮುಗಿಯಲೇ ಇಲ್ಲ. ಅಜೆಕಾರಿನ ಬಸ್ಸು ಬಂತು, ಬಿಟ್ಟೆವು. ಇನ್ನೊಂದು ಬಂತು, ಅದನ್ನೂ ಬಿಟ್ಟೆವು. ಮೂರನೆಯದಕ್ಕೆ ನಾನೇ ಅವರ ಚೀಲ ಹತ್ತಿಸಿ, "ಹೊರಡಿ ಅಕ್ಕ, ತಂಗಿ ಕಾಯುತ್ತಿರುತ್ತಾರೆ" ಎಂದೆ.

ಮುಂದಿನ ಯುಗಾದಿಯ ಹೊತ್ತಿಗೆ ಅವರು ಇರಲಿಲ್ಲ. ಎದೆನೋವಂತೆ, ಆಸ್ಪತ್ರೆ ಮುಟ್ಟುವಷ್ಟೂ ಸಮಯ ಕೊಡಲಿಲ್ಲವಂತೆ. ಸದಾಶಿವಣ್ಣ ಫೋನಿನಲ್ಲಿ ಹೇಳಿದಾಗ ಉತ್ತರಕ್ರಿಯೆಯ ಬೊಜ್ಜವೂ ಮುಗಿದಿತ್ತು.

ಆ ಮೂರನೆಯ ಬಸ್ಸನ್ನೂ ಬಿಡಬಹುದಿತ್ತು. ನಾಲ್ಕನೆಯದು ಅರ್ಧ ಗಂಟೆಯಲ್ಲೇ ಇತ್ತು.