ರಿಮೋಟಿಗೊಂದು ಕವರು

ಟಿವಿ ಕಂಪನಿಯಲ್ಲಿ ರಿಮೋಟುಗಳ ವಿನ್ಯಾಸ ಮಾಡುವ ಅಳಿಯನಿಗೆ ಒಳ್ಳೆಯ ಮಾತುಗಾರನೆಂಬ ಹೆಸರಿತ್ತು. ಜನ ಹೇಗೆ ಬಳಸುತ್ತಾರೋ ಹಾಗೆಯೇ ವಸ್ತು ಇರಬೇಕು ಎಂದು ಊರಿಗೆಲ್ಲ ಬುದ್ಧಿ ಹೇಳುತ್ತಿದ್ದ. ಜನರನ್ನು ನೋಡುವುದಕ್ಕೆ ಮಾತ್ರ ಅವನಿಗೆ ಪುರುಸೊತ್ತಿರಲಿಲ್ಲ.

ಅವನ ಹೊಸ ರಿಮೋಟಿನಲ್ಲಿ ಗುಂಡಿಗಳೇ ಇರಲಿಲ್ಲ. ಕನ್ನಡಿಯಂಥ ಅದರ ಮೈಯನ್ನು ಬೆರಳಿನಿಂದ ಸವರಿದರೆ ಸಾಕಿತ್ತು. ಅದನ್ನು ಅಳಿಯ, ಅತ್ತೆ ಒಟ್ಟಿಗಿದ್ದ ಮನೆಯಲ್ಲೇ ಬಳಸಿ ನೋಡಲು ಮೇಲಧಿಕಾರಿ ಬಂದರು. ಅವರು ಹೂಂ ಎಂದರೆ ಅಳಿಯನಿಗೆ ಬಡ್ತಿ.

ಮೇಲಧಿಕಾರಿ ಸೋಫಾದಲ್ಲಿ ಕುಳಿತು ರಿಮೋಟು ಸವರಿದರು. ಟಿವಿ ಜಪ್ಪಯ್ಯ ಎಂದರೂ ಮಿಸುಕಲಿಲ್ಲ. ಅಳಿಯ ಬಗ್ಗಿ ನೋಡಿದ. ರಿಮೋಟಿಗೆ ದಪ್ಪ ಪ್ಲಾಸ್ಟಿಕ್ ಕವರು, ಕವರಿಗೆ ರಬ್ಬರ್ ಬ್ಯಾಂಡು.

“ಅತ್ತೇ, ಇದನ್ಯಾಕೆ ಹಾಕಿದ್ರಿ?”

“ಹೊಸದು ಅಲ್ವೇನಪ್ಪಾ, ಕೈ ಜಿಡ್ಡು ಮೆತ್ಕೊಳ್ಳಲ್ವಾ?” ಎಂದರು ಅತ್ತೆ.

“ಯಾರಾದ್ರೂ ರಿಮೋಟಿಗೆ ಕವರ್ ಹಾಕ್ತಾರಾ?”

ಮೇಲಧಿಕಾರಿ ಮೆಲ್ಲಗೆ ಕೆಮ್ಮಿದರು. “ನಮ್ಮನೇಲಿ ನಾನೇ ಹಾಕೋದು ಕಣ್ರೀ.”

ಬಡ್ತಿ ಮುಂದಕ್ಕೆ ಹೋಯಿತು, ಗುಂಡಿಗಳು ವಾಪಸು ಬಂದವು. ಈ ಸಲ ಅಳಿಯ ಜನರನ್ನು ಅರೆದು ಕುಡಿದವನಂತೆ, ರಿಮೋಟಿನ ಅಳತೆಗೆ ಸರಿಯಾದ ತೆಳು ಕವರೊಂದನ್ನು ಪೆಟ್ಟಿಗೆಯಲ್ಲಿ ಪುಕ್ಕಟೆಯಾಗಿ ಇಡಿಸಿದ. ಬಡ್ತಿ ಈಗ ಆ ಕವರಿನ ಮೇಲೆ ನಿಂತಿತ್ತು. ಮೇಲಧಿಕಾರಿ ಮತ್ತೆ ಬಂದು ಕುಳಿತರು.

ಅತ್ತೆ ಕವರನ್ನು ಬೆಳಕಿಗೆ ಹಿಡಿದು ನೋಡಿದರು. “ಎಷ್ಟು ಚೆನ್ನಾಗಿದೆಯಪ್ಪಾ! ಕೊಳೆ ಮಾಡೋಕೆ ಮನಸ್ಸೇ ಬರಲ್ಲ” ಎನ್ನುತ್ತಾ ಅದನ್ನು ಮಡಿಸಿ, ಬೇರೊಂದು ಕವರಿನೊಳಗೆ ಹಾಕಿ, ರಬ್ಬರ್ ಬ್ಯಾಂಡು ಸುತ್ತಿ ಬೀರುವಿನಲ್ಲಿಟ್ಟರು.